ಗೋಡೆ ಮೇಲಿನ ಸರ್ಟಿಫಿಕೇಟು, ಕೌಂಟರ್ ಹಿಂದಿನ ಫ್ಯಾನಿ

2019ರ ಆಗಸ್ಟ್ ತಿಂಗಳು. ಘಟಪ್ರಭೆ ಗೋಕಾಕದೊಳಗೇ ನುಗ್ಗಿ ಕೂತಿದ್ದಳು. ನಾನೂ ನಮ್ಮ ಕ್ಯಾಮೆರಾಮನ್ನೂ ಮೂರು ದಿನದಿಂದ ಮೊಣಕಾಲುದ್ದ ನೀರಲ್ಲಿ ನಿಂತು ಲೈವ್ ಕೊಡ್ತಿದ್ವಿ. ಮೂರನೇ ದಿನ ಅವನ ಕಾಲ ಬೆರಳ ಸಂದಿಯಲ್ಲಿ ಹುಣ್ಣು, ಮೈಯಲ್ಲಿ ಜ್ವರ. ನೀರಿಲ್ಲದ ದಿಕ್ಕು ಹುಡುಕಿಕೊಂಡು ಹೋದಾಗ ಒಂದು ಸಣ್ಣ ಊರಲ್ಲಿ ಮೆಡಿಕಲ್ ಶಾಪ್ ತೆರೆದಿತ್ತು. ಗೋಡೆ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟು, ಅದರಲ್ಲಿ ಒಬ್ಬ ಹೆಣ್ಣುಮಗಳ ಫೋಟೋ, ಹೆಸರು, ನೋಂದಣಿ ಸಂಖ್ಯೆ. ಕೌಂಟರ್‌ನಲ್ಲಿ ಹದಿನೆಂಟರ ಹುಡುಗ.

'ಈ ಅಕ್ಕಾರು ಎಲ್ಲಿ?' ಅಂದೆ.

'ಅವ್ರು ಹುಬ್ಬಳ್ಳಿಯಾಗ ಇರ್ತಾರ್ರೀ. ಮದುವಿ ಆಗೇತಿ. ಇಲ್ಲಿ ಸರ್ಟಿಫಿಕೇಟ್ ಅಷ್ಟ ಐತ್ರಿ.'

ನಗುತ್ತಲೇ ಹೇಳಿದ. ನಾನೂ ನಕ್ಕೆ. ಅವನು ಕೊಟ್ಟ ಗುಳಿಗೆಯನ್ನು ತಗೊಂಡು ಬಂದ್ವಿ. ಕ್ಯಾಮೆರಾಮನ್‌ಗೆ ಮೈತುಂಬ ಗಂಧೆ ಎದ್ದಿದ್ದು ಆ ರಾತ್ರಿಯೇ. ಅವನಿಗೆ ಯಾವ ಔಷಧ ಆಗಿಬರಲ್ಲ ಅಂತ ಆ ಹುಡುಗ ಕೇಳಲಿಲ್ಲ. ಕೇಳಬೇಕು ಅಂತ ಅವನಿಗೆ ಕಲಿಸಿದವರು ಯಾರು? ಕಲಿತವಳು ಫೋಟೋ ಆಗಿ ಗೋಡೆ ಮೇಲಿದ್ದಳು.

ವೀಕ್ಷಕರೇ, ಇವತ್ತು ನಾನು ಹೇಳಬೇಕಿರೋದು ಗೋಡೆಯಿಂದ ಇಳಿದು ಕೌಂಟರ್ ಹಿಂದೆ ನಿಂತ ಒಬ್ಬ ಹೆಣ್ಣುಮಗಳ ಕಥೆ. ಅವಳು ನಮ್ಮವಳಲ್ಲ. ಇಂಗ್ಲೆಂಡಿನ ಹಳ್ಳಿಯವಳು. ಹೆಸರು ಫ್ಯಾನಿ ಡೀಕನ್. ಆದರೆ ಆ ಕಥೆ ಶುರುವಾಗೋದು ಮಿಠಾಯಿಯಿಂದ.

1858. ಬ್ರಾಡ್‌ಫರ್ಡ್ ಅನ್ನೋ ಊರಿನ ಸಂತೆ. ಸಕ್ಕರೆ ತುಟ್ಟಿ ಇದ್ದ ಕಾಲ. ಮಿಠಾಯಿ ಮಾಡುವವರು ಸಕ್ಕರೆಗೆ ಸುಣ್ಣದ ಪುಡಿಯಂಥದ್ದನ್ನು ಕಲಬೆರಕೆ ಮಾಡೋದು ಮಾಮೂಲಾಗಿತ್ತು. ಆ ಪುಡಿ ತರಲು ಹೋದಾಗ ಔಷಧ ಅಂಗಡಿಯ ಸಹಾಯಕ ತಪ್ಪಿ ಬೇರೆ ಡಬ್ಬಿಯಿಂದ ತೂಗಿ ಕೊಟ್ಟ. ಅದು ಆರ್ಸೆನಿಕ್. ಪಾಷಾಣ. ಎರಡೂ ಬಿಳಿ ಪುಡಿಯೇ. ಆ ಮಿಠಾಯಿ ತಿಂದು ಸುಮಾರು 20 ಮಂದಿ ಸತ್ತರು, ಸತ್ತವರಲ್ಲಿ ಮಕ್ಕಳಿದ್ದರು, ಇನ್ನೂರರಷ್ಟು ಜನ ಹಾಸಿಗೆ ಹಿಡಿದರು. ಅಂಗಡಿ ಮಾಲೀಕ ಆ ಹೊತ್ತು ಕೌಂಟರ್‌ನಲ್ಲಿ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಇಂಥ ಸಾವುಗಳ ಹಿನ್ನೆಲೆಯಲ್ಲೇ ಬ್ರಿಟನ್‌ನಲ್ಲಿ 1868ರ ಫಾರ್ಮಸಿ ಕಾಯ್ದೆ ಬಂತು. ಇನ್ನು ಮುಂದೆ ಪಟ್ಟಿಯಲ್ಲಿ ಹೆಸರಿದ್ದವರು ಮಾತ್ರ ವಿಷ ಮಾರಬಹುದು, ಪರೀಕ್ಷೆ ಪಾಸಾದವರು ಮಾತ್ರ ಪಟ್ಟಿಗೆ ಸೇರಬಹುದು. ಕಾಯ್ದೆ ಬರೆದವರಿಗೆ ಒಂದು ವಿಷಯ ಹೊಳೆದಿರಲಿಲ್ಲ ಅಂತ ಕಾಣ್ಸುತ್ತೆ. ಅವರು 'ಗಂಡಸು' ಅಂತ ಬರೆಯಲಿಲ್ಲ, 'ವ್ಯಕ್ತಿ' ಅಂತ ಬರೆದರು. ಮೊದಲೇ ವ್ಯಾಪಾರದಲ್ಲಿದ್ದವರನ್ನೆಲ್ಲ ಸೇರಿಸಿ 1869ರಲ್ಲಿ ಪಟ್ಟಿ ಅಚ್ಚಾದಾಗ ಹನ್ನೊಂದು ಸಾವಿರ ಚಿಲ್ಲರೆ ಹೆಸರುಗಳಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರಿದ್ದರು! ಯಾರಿವರು? ಹೆಚ್ಚಿನವರು ಔಷಧ ವ್ಯಾಪಾರಿಗಳ ವಿಧವೆಯರು, ಹೆಣ್ಣುಮಕ್ಕಳು. ಗಂಡ ಬದುಕಿದ್ದಾಗಲೂ ಅರೆದು, ತೂಗಿ, ಕಟ್ಟಿ ಕೊಡ್ತಿದ್ದವರು ಅವರೇ. ಬೋರ್ಡ್ ಮೇಲೆ ಹೆಸರು ಮಾತ್ರ ಗಂಡನದು. ನಮ್ಮ ಕಡೆ ಹೊಲದ ಪಹಣಿ ನೋಡಿದವರಿಗೆ ಇದು ಅರ್ಥವಾಗೋಕೆ ಕಷ್ಟವಿಲ್ಲ.

ಆದರೆ ಅವರ್ಯಾರೂ ಪರೀಕ್ಷೆ ಬರೆದವರಲ್ಲ. ಹೊಸ ಕಾಯ್ದೆಯ ಕೆಳಗೆ ಪರೀಕ್ಷೆಗೆ ಕೂತು ಪಾಸಾದ ಮೊದಲ ಹೆಂಗಸು ಫ್ಯಾನಿ.

ಹುಟ್ಟಿದ್ದು 1837, ಲೆಸ್ಟರ್‌ಶೈರ್ ಜಿಲ್ಲೆಯ ಕಿಬ್‌ವರ್ತ್ ಹಳ್ಳಿ. ಮದುವೆಗೆ ಮುಂಚಿನ ಹೆಸರು ಫ್ರಾನ್ಸಿಸ್ ಎಲಿಜಬೆತ್ ಪಾಟರ್. ಅಪ್ಪ ವಿಲಿಯಂ ಪಾಟರ್ ಔಷಧ ವ್ಯಾಪಾರಿ. ಮಗಳು ಕೆಲಸ ಕಲಿತದ್ದು ಅಪ್ಪನ ಅಂಗಡಿಯಲ್ಲೇ. ಕಾಯ್ದೆ ಬರುವ ಮೊದಲೇ ಅಂಗಡಿಗಳಲ್ಲಿ ಸಹಾಯಕರಾಗಿ ದುಡಿಯುತ್ತಿದ್ದವರಿಗೆ ಒಂದು ಬೇರೆ ಪರೀಕ್ಷೆ ಇಟ್ಟಿದ್ದರು, ಅದಕ್ಕೆ 'ಮಾಡಿಫೈಡ್ ಪರೀಕ್ಷೆ' ಅಂತ ಹೆಸರು. ಆ ಬಾಗಿಲಿಂದ ಫ್ಯಾನಿ ಒಳಗೆ ಹೋದಳು. 1870ರ ಫೆಬ್ರವರಿಯಲ್ಲಿ ಪಾಸು. ವಯಸ್ಸು 32.

ನಾನು ಎಂಜಿನಿಯರಿಂಗ್ ಓದಿದವನು. ಡಿಗ್ರಿ ಮುಗಿಸಿ ಒಂದು ದಿನವೂ ಮಷೀನ್ ಮುಟ್ಟದೆ ಮೈಕ್ ಹಿಡಿದವನು. ಹಾಗಾಗಿ ಮೊದಲು ಕೆಲಸ, ಆಮೇಲೆ ಸರ್ಟಿಫಿಕೇಟು ಅನ್ನೋ ಈ ಫ್ಯಾನಿಯ ಮುಂದೆ ನನಗೆ ಸ್ವಲ್ಪ ನಾಚಿಕೆಯೇ ಆಗುತ್ತೆ.

1875ರಲ್ಲಿ ಏಬ್ರಹಾಂ ಡೀಕನ್ ಎಂಬಾತನ ಜೊತೆ ಮದುವೆ. ಹತ್ತಿರದ ಫ್ಲೆಕ್ನಿ ಎಂಬ ಹಳ್ಳಿಗೆ ಸೊಸೆಯಾಗಿ ಹೋದಳು. ಮದುವೆಯಾಯ್ತು, ಇನ್ನು ಅಂಗಡಿ ಯಾಕೆ ಅಂತ ಅವಳು ಅಂದುಕೊಳ್ಳಲಿಲ್ಲ. ಫ್ಲೆಕ್ನಿಯಲ್ಲೂ ಔಷಧ ಅಂಗಡಿ ನಡೆಸಿದಳು. ಎಷ್ಟು ವರ್ಷ ಅಂತೀರಿ? 1930ರಲ್ಲಿ, ತೊಂಬತ್ತು ದಾಟಿದ ಮೇಲೆ ಸಾಯುವವರೆಗೂ. ಪರೀಕ್ಷೆ ಪಾಸಾದ ದಿನದಿಂದ ಲೆಕ್ಕ ಹಾಕಿದರೆ 60 ವರ್ಷ.

ಆ ಕಾಲದ ಇಂಗ್ಲೆಂಡಿನ ಹಳ್ಳಿ ಅಂದರೆ ಈಗಿನ ಇಂಗ್ಲೆಂಡ್ ಅಂದುಕೊಳ್ಳಬೇಡಿ. ಡಾಕ್ಟರ ಫೀಸು ಕೊಡೋ ಶಕ್ತಿ ಕೂಲಿಯವರಿಗೆ ಇರಲಿಲ್ಲ. ದುಡಿಯುವವರಿಗೆ ಸರ್ಕಾರಿ ಆರೋಗ್ಯ ವಿಮೆ ಕಾಯ್ದೆ ಬಂದಿದ್ದು 1911ರಲ್ಲಿ, ಅದೂ ಹೆಂಡತಿ ಮಕ್ಕಳಿಗೆ ವೈದ್ಯರ ಚಿಕಿತ್ಸೆ ಇಲ್ಲ. ಮಗುವಿಗೆ ಕೆಮ್ಮು, ಅಜ್ಜನಿಗೆ ಹೊಟ್ಟೆನೋವು ಅಂದರೆ ಮೊದಲು ಹತ್ತೋದು ಔಷಧ ಅಂಗಡಿ ಮೆಟ್ಟಿಲು. ಔಷಧವೂ ರೆಡಿಮೇಡ್ ಅಲ್ಲ. ಅರೆಯಬೇಕು, ತೂಗಬೇಕು, ಗುಳಿಗೆ ಉರುಳಿಸಬೇಕು. ಒಂದು ಗುಂಜಿಯಷ್ಟು ಹೆಚ್ಚಾದರೂ ಔಷಧವೇ ವಿಷ.

ನಮ್ಮ ಕಡೆಯ ಹಿರಿಯರಿಗೆ ಇದು ಗೊತ್ತು. ಸರ್ಕಾರಿ ದವಾಖಾನೆಗೆ ಬಾಟ್ಲಿ ಮನೆಯಿಂದಲೇ ಒಯ್ಯಬೇಕಿತ್ತು. ಕಂಪೌಂಡರ್ ದೊಡ್ಡ ಜಾಡಿಯಿಂದ ಕೆಂಪು ಮಿಕ್ಸ್ಚರ್ ಸುರಿದು, ಕಾಗದದ ಪಟ್ಟಿಯನ್ನು ಕತ್ತರಿಯಲ್ಲಿ ಹಲ್ಲು ಹಲ್ಲಾಗಿ ಕತ್ತರಿಸಿ ಬಾಟ್ಲಿಗೆ ಅಂಟಿಸುತ್ತಿದ್ದ. ಒಂದು ಹಲ್ಲಿಗೆ ಒಂದು ಡೋಸು. ಓದು ಬಾರದವರಿಗೂ ತಿಳಿಯುತ್ತಿತ್ತು. ಊರವರ ಬಾಯಲ್ಲಿ ಆ ಕಂಪೌಂಡರೇ 'ಡಾಕ್ಟರು'. ಹೆಂಗಸರು ತಮ್ಮ ಕಾಯಿಲೆ ಅವನಿಗೆ ಹೇಳಿಕೊಳ್ಳೋಕೆ ಸಂಕೋಚಪಟ್ಟು ಹೇಳದೇ ಹೋದದ್ದೆಷ್ಟು, ಅದಕ್ಕೆ ಯಾವ ರಿಜಿಸ್ಟರೂ ಇಲ್ಲ.

ಫ್ಯಾನಿಗೆ ಪಟ್ಟಿಯಲ್ಲಿ ಜಾಗವೇನೋ ಸಿಕ್ಕಿತು. ಆದರೆ ಆ ಪಟ್ಟಿ ಇಟ್ಟುಕೊಂಡಿದ್ದ ಫಾರ್ಮಸ್ಯೂಟಿಕಲ್ ಸೊಸೈಟಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ತಯಾರಿರಲಿಲ್ಲ. ಪಾಸಾಗು, ಶುಲ್ಕ ಕಟ್ಟು, ಒಳಗೆ ಮಾತ್ರ ಬರಬೇಡ. 1872ರಿಂದಲೇ ರಾಬರ್ಟ್ ಹ್ಯಾಂಪ್ಸನ್ ಎಂಬ ಆಡಳಿತ ಮಂಡಳಿ ಸದಸ್ಯ ಹೆಂಗಸರ ಪರ ವಾದಿಸುತ್ತಾ ಬಂದ, ಮಂಡಳಿ ತಿರಸ್ಕರಿಸುತ್ತಾ ಬಂತು. ಕೊನೆಗೆ ಇಸಬೆಲ್ಲಾ ಕ್ಲಾರ್ಕ್ ಮತ್ತು ರೋಸ್ ಮಿನ್‌ಶಲ್ ಎಂಬ ಇಬ್ಬರಿಗೆ 1879ರಲ್ಲಿ ಬಾಗಿಲು ತೆರೆಯಿತು. ಇಸಬೆಲ್ಲಾ ಅಷ್ಟರಲ್ಲಿ ಲಂಡನ್‌ನಲ್ಲಿ ಸ್ವಂತ ಅಂಗಡಿ ಹಾಕಿ ಮೂರು ವರ್ಷವಾಗಿತ್ತು. ಇತಿಹಾಸದ ಪುಸ್ತಕಗಳು ಹೆಚ್ಚಾಗಿ ಹೇಳೋದು ಈ ಇಬ್ಬರ ಕಥೆ, ಯಾಕಂದ್ರೆ ಅಲ್ಲಿ ಜಗಳ ಇದೆ. ಟಿವಿಯವನಾದ ನನಗೂ ಜಗಳವೇ ಬೇಕು, ಒಪ್ಪಿಕೊಳ್ತೀನಿ. ಆದರೆ ಫ್ಯಾನಿ ಜಗಳಕ್ಕೆ ಹೋಗದೆ ಅಂಗಡಿ ಬಾಗಿಲು ತೆಗೆದು ಕೂತಳು. ಇದು ಸಣ್ಣ ಕೆಲಸ ಅಂತ ನನಗನಿಸೋದಿಲ್ಲ.

ಈಗ ನಮ್ಮ ಕಡೆ ಬರೋಣ. ಗೋಕಾಕ ಅಂದ್ರೆ ಬೆಂಗಳೂರಿನವರಿಗೆ ಗೊತ್ತಿರೋದು ಕರದಂಟು ಮತ್ತು ಚಳವಳಿ. (ಚಳವಳಿಗೆ ಆ ಹೆಸರು ಬಂದಿದ್ದು ಊರಿಂದಲ್ಲ ಸ್ವಾಮಿ, ವಿ.ಕೃ. ಗೋಕಾಕರ ವರದಿಯಿಂದ.) 1887ರಲ್ಲೇ ಗೋಕಾಕ ಫಾಲ್ಸ್‌ನಲ್ಲಿ ನೀರಿನಿಂದ ಕರೆಂಟ್ ತಯಾರಾಯ್ತು ಅನ್ನೋ ಹೆಮ್ಮೆ ನಮಗಿದೆ. ಅದೇ 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಆನಂದಿಬಾಯಿ ಜೋಶಿ ಕ್ಷಯದಿಂದ ತೀರಿಕೊಂಡಳು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವೈದ್ಯಕೀಯ ಓದಿ ಬಂದವಳು, ವಯಸ್ಸು 21. ಅವಳಿಗಾಗಿ ಕಾದಿದ್ದ ಕೆಲಸ ಎಲ್ಲಿತ್ತು ಗೊತ್ತೇನು? ಹುಕ್ಕೇರಿಯಿಂದ ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಹಾಪುರದಲ್ಲಿ, ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ. ಆ ಕುರ್ಚಿಯಲ್ಲಿ ಅವಳು ಒಂದು ದಿನವೂ ಕೂರಲಿಲ್ಲ.

ಕರೆಂಟ್ ಬಂದ ಎಷ್ಟೋ ಕಾಲದ ಮೇಲೂ ಔಷಧ ಯಾರು ಮಾರಬೇಕು ಅನ್ನೋದಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಇರಲಿಲ್ಲ. ಮಲೇರಿಯಾದಲ್ಲಿ ಜನ ಸಾಯ್ತಿದ್ದಾಗ ಮಾರುಕಟ್ಟೆಯಲ್ಲಿ ಖೊಟ್ಟಿ ಕ್ವಿನೈನ್. 1930ರಲ್ಲಿ, ಅಂದರೆ ಫ್ಯಾನಿ ತೀರಿಕೊಂಡ ಅದೇ ವರ್ಷ, ಬ್ರಿಟಿಷ್ ಸರ್ಕಾರ ಕರ್ನಲ್ ಆರ್.ಎನ್. ಚೋಪ್ರಾ ಸಮಿತಿ ನೇಮಿಸಿತು. 1932ರಲ್ಲಿ ಮಹಾದೇವಲಾಲ್ ಶ್ರಾಫ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಪಾಠ ಶುರು ಮಾಡಿದರು. 1940ರಲ್ಲಿ ಔಷಧ ಕಾಯ್ದೆ, 1948ರಲ್ಲಿ ಫಾರ್ಮಸಿ ಕಾಯ್ದೆ. ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಫಾರ್ಮಸಿ ಕಾಲೇಜು 1968ರಲ್ಲಿ. ಫ್ಯಾನಿ ಪರೀಕ್ಷೆ ಬರೆದು ಅಷ್ಟೊತ್ತಿಗೆ 98 ವರ್ಷ.

ನಮ್ಮ 1948ರ ಕಾಯ್ದೆಯ 42ನೇ ಕಲಂ ಹೇಳೋದು ನೇರ: ವೈದ್ಯರ ಚೀಟಿಗೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಔಷಧ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ, ಅವರ ಖುದ್ದು ಮೇಲ್ವಿಚಾರಣೆಯಲ್ಲೇ ಕೊಡಬೇಕು ಅಂತ. ಖುದ್ದು ಅಂದ್ರೆ ಖುದ್ದು. ಫೋಟೋ ಅಲ್ಲ. ಆದರೆ ಡಿ.ಫಾರ್ಮ್ ಮುಗಿಸಿದ ಹುಡುಗಿಯ ಸರ್ಟಿಫಿಕೇಟಿಗೆ ತಿಂಗಳ ಬಾಡಿಗೆ ಕಟ್ಟಿ ಗೋಡೆಗೆ ತೂಗುಹಾಕುವ ವ್ಯವಹಾರ ಎಲ್ಲರಿಗೂ ಗೊತ್ತಿರೋ ಗುಟ್ಟು. ಗಂಡುಮಕ್ಕಳ ಸರ್ಟಿಫಿಕೇಟೂ ಬಾಡಿಗೆಗೆ ಹೋಗುತ್ತೆ, ಇಲ್ಲ ಅನ್ನಲ್ಲ. ಆದರೆ ಹುಡುಗಿಯರ ವಿಷಯದಲ್ಲಿ ಅಪ್ಪ ಅಮ್ಮನೂ, ಅತ್ತೆ ಮಾವನೂ ಅದನ್ನು ಒಳ್ಳೇ ಸಂಬಂಧದ ಹಾಗೆ ನೋಡ್ತಾರೆ. ಮನೆಯಿಂದ ಹೊರಗೆ ಕಾಲಿಡೋದು ಬೇಡ, ದುಡ್ಡು ಬರುತ್ತೆ. ಫ್ಯಾನಿಯ ಕಾಲದ ಹೆಂಗಸರು ಕೆಲಸ ಮಾಡ್ತಿದ್ದರು, ಹೆಸರು ಗಂಡನದಿತ್ತು. ಈಗ ಹೆಸರು ಅವಳದು, ಕೆಲಸ ಮಾತ್ರ ಅವಳದಲ್ಲ. ನೂರೈವತ್ತು ವರ್ಷದಲ್ಲಿ ನಾವು ಫೋಟೋವನ್ನು ತಿರುಗಿಸಿ ತೂಗುಹಾಕಿದ್ದೀವಿ.

ಎಲ್ಲ ಕಡೆ ಹೀಗೇ ಅಂತ ಹೇಳಿದರೆ ಅದು ನನ್ನ ಸೋಮಾರಿತನ ಆಗುತ್ತೆ. ಅದೇ ಪ್ರವಾಹದ ವಾರ, ಹುಕ್ಕೇರಿ ಕಡೆ ಹೋದಾಗ ಕ್ಯಾಮೆರಾಮನ್‌ನ ಗಂಧೆಗೆ ಮತ್ತೊಂದು ಅಂಗಡಿ ಹುಡುಕಿದೆವು. ಅಲ್ಲಿ ಬಿಳಿ ಕೋಟು ಹಾಕಿದ ಹೆಣ್ಣುಮಗಳು. ಗೋಡೆ ಮೇಲಿನ ಫೋಟೋದಲ್ಲಿ ಇದ್ದವಳೇ. ಹಿಂದಿನ ದಿನ ತಿಂದ ಗುಳಿಗೆಯ ಪಟ್ಟಿ ತೋರಿಸಿ ಅಂದಳು. ನೋಡಿ, 'ಇದನ್ನ ಇನ್ನೊಮ್ಮೆ ಮುಟ್ಟಬ್ಯಾಡ್ರಿ ಅಣ್ಣಾರ, ಇದರ ಹೆಸರು ಬರಕೊಂಡು ಪಾಕೀಟಿನಾಗ ಇಟಗೋರಿ, ಯಾವ ದವಾಖಾನಿಗೆ ಹೋದ್ರೂ ಮೊದಲು ಅದನ್ನ ತೋರಸ್ರಿ' ಅಂತ ಹೇಳಿ, ಔಷಧ ಏನೂ ಕೊಡದೆ ಸರ್ಕಾರಿ ಆಸ್ಪತ್ರೆಗೆ ದಾರಿ ತೋರಿಸಿದಳು. ಆ ವ್ಯಾಪಾರದಲ್ಲಿ ಅವಳಿಗೆ ಒಂದು ರೂಪಾಯಿ ಹುಟ್ಟಲಿಲ್ಲ.

ನಮ್ಮ ಹಿಂದೆ ಒಬ್ಬ ಅಜ್ಜಿ ನಿಂತಿದ್ದಳು, ಬಿಪಿ ಗುಳಿಗೆಗೆ. ಆ ಹೆಣ್ಣುಮಗಳು ಒಂದು ಪಟ್ಟಿಯ ಮೇಲೆ ಪೆನ್ನಿನಿಂದ ಸೂರ್ಯನ ಗುಂಡು ಬರೆದಳು, ಇನ್ನೊಂದರ ಮೇಲೆ ಚಂದ್ರ. 'ಇದು ಮುಂಜಾನೆ, ಇದು ರಾತ್ರಿ, ಏನ್ ಅಂದೆ ಹೇಳಬೇ ಆಯಿ?' ಅಂದಳು. ಅಜ್ಜಿ ಎರಡನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಹೇಳಿದಳು. ಸರಿಯಾಗೇ ಹೇಳಿದಳು.