ಯಂತ್ರಾಂಶ ರಿವರ್ಸ್ ಎಂಜಿನಿಯರಿಂಗ್

ಯಂತ್ರಾಂಶ ರಿವರ್ಸ್ ಎಂಜಿನಿಯರಿಂಗ್ ಎಂಬುದು ಸಿದ್ಧಗೊಂಡ ವಿದ್ಯುನ್ಮಾನ ಸಾಧನವನ್ನು ಬಿಚ್ಚಿ, ಅದರ ಚಿಪ್‌ಗಳನ್ನೂ ಫರ್ಮ್‌ವೇರನ್ನೂ ಪರೀಕ್ಷಿಸಿ, ಒಳರಚನೆಯನ್ನು ಅರಿಯುವ ವಿದ್ಯೆ. ಸೈಬರ್ ಭದ್ರತೆಯಲ್ಲಿ ಇದರ ಮುಖ್ಯ ಉಪಯೋಗ ದೋಷಶೋಧನೆ. ತಯಾರಿಕೆಯ ವೇಳೆ ಪರೀಕ್ಷೆಗೆಂದು ಇರಿಸುವ ಯುಎಆರ್‌ಟಿ, ಜೆಟ್ಯಾಗ್ ಸಂಪರ್ಕಗಳನ್ನು ಮುಚ್ಚದೆ ಬಿಟ್ಟರೆ, ಸಾಧನ ಕೈಗೆ ಸಿಕ್ಕವರು ಅವುಗಳ ಮೂಲಕ ಫರ್ಮ್‌ವೇರನ್ನೂ ಕೆಲವೊಮ್ಮೆ ಗುಪ್ತಪದಗಳನ್ನೂ ಓದಬಲ್ಲರು. ಸಿಸಿಟಿವಿ ಕ್ಯಾಮೆರಾಗಳಿಗೆ ಭಾರತ ಸರ್ಕಾರವು 2024ರಲ್ಲಿ ವಿಧಿಸಿದ ಭದ್ರತಾ ನಿಯಮಗಳು ಇಂತಹ ಸಂಪರ್ಕಗಳ ಪರಿಶೀಲನೆಯನ್ನೂ ಒಳಗೊಂಡಿವೆ.

ಶಿಕ್ಷಣ ಮತ್ತು ಉದ್ಯೋಗ

ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಬಿ. ವಿ. ಭೂಮರಡ್ಡಿ ಕಾಲೇಜು (ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ) ಹಾಗೂ 2016ರಲ್ಲಿ ಆರಂಭವಾದ ಧಾರವಾಡದ ಐಐಟಿ ಈ ವೃತ್ತಿಗೆ ತಳಹದಿಯಾದ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ವಿಷಯಗಳನ್ನು ಬೋಧಿಸುತ್ತವೆ. ಪದವಿಯೊಂದೇ ಸಾಲದು, ಬೆಸುಗೆಯ ಕೈಚಳಕ, ಆಸಿಲೋಸ್ಕೋಪಿನ ಬಳಕೆ, ಅಸೆಂಬ್ಲಿ ಭಾಷೆಯ ಪರಿಚಯ ಬೇಕು. ದೂರಸಂಪರ್ಕ ಉಪಕರಣಗಳ ಭದ್ರತಾ ಪ್ರಮಾಣೀಕರಣವನ್ನು ನೋಡಿಕೊಳ್ಳುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರವು ಬೆಂಗಳೂರಿನಲ್ಲಿದೆ.

ಕಾನೂನು

2000ದ ಅರೆವಾಹಕ ಸಂಯೋಜಿತ ಮಂಡಲ ವಿನ್ಯಾಸ ಕಾಯಿದೆಯು ಸಂಶೋಧನೆ, ಬೋಧನೆಗಳಿಗಾಗಿ ಚಿಪ್ ವಿನ್ಯಾಸದ ವಿಶ್ಲೇಷಣೆಗೆ ಅವಕಾಶ ನೀಡುತ್ತದೆ. ಆದರೆ ಪರರ ಸಾಧನದೊಳಕ್ಕೆ ಅನುಮತಿಯಿಲ್ಲದೆ ವಂಚನೆಯ ಉದ್ದೇಶದಿಂದ ಪ್ರವೇಶಿಸಿದರೆ, ಅದೇ ವರ್ಷದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕಲಿಯುವವರು ತಮ್ಮದೇ ಹಳೆಯ ರೂಟರನ್ನು ಬಿಚ್ಚಿ ಅಭ್ಯಾಸ ಮಾಡುವುದು ಕ್ಷೇಮ.