ನೆರೂಲಿನ ಅಂಗಳಕ್ಕೆ ಬಂದ ಜಗತ್ತಿನ ಹುಡುಗಿಯರು

ಥಾಣೆಯಲ್ಲಿ ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದು ನೆರೂಲಿಗೆ ಹೋಗುವ ನಮಗೆಲ್ಲ ಡಾ. ಡಿ. ವೈ. ಪಾಟೀಲ್ ಕ್ರೀಡಾಂಗಣ ಚಿರಪರಿಚಿತ. 2008ರಲ್ಲಿ ಉದ್ಘಾಟನೆಯಾದ ಈ ಮೈದಾನದಲ್ಲಿಯೇ ಅದೇ ವರ್ಷ ಜೂನ್ 1ರಂದು ಮೊಟ್ಟಮೊದಲ ಐಪಿಎಲ್ ಫೈನಲ್ ನಡೆಯಿತು. ಆ ಪಂದ್ಯದ ನೆನಪು ನಮ್ಮ ಮನೆಗಳಲ್ಲಿ ಇನ್ನೂ ಹಸಿರಾಗಿದೆ. ಆದರೆ ಅದೇ ಅಂಗಳದಲ್ಲಿ 2022ರ ಅಕ್ಟೋಬರ್ 30ರಂದು ಹದಿನೇಳು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನಡೆದದ್ದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಡೊಂಬಿವಲಿ, ಕಲ್ಯಾಣದಿಂದ ಲೋಕಲಿನಲ್ಲಿ ತಲುಪಬಹುದಾದ ದೂರದಲ್ಲಿ ಜಗತ್ತಿನ ಹುಡುಗಿಯರು ಆಡಿಹೋದರು. ಆ ಆಟಕ್ಕೂ ಒಂದು ಇತಿಹಾಸವಿದೆ. ಅದನ್ನು ಮಹಿಳಾ ವೇದಿಕೆಯ ಗೆಳತಿಯರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಹುಡುಗರು ಮೊದಲು, ಹುಡುಗಿಯರು ಆಮೇಲೆ

ಸಾಫ್ಟ್‌ವೇರ್ ಕೆಲಸದವಳಾದ್ದರಿಂದ ದಿನಾಂಕಗಳನ್ನು ಒಂದರ ಕೆಳಗೊಂದು ಜೋಡಿಸಿ ನೋಡುವುದು ನನ್ನ ಅಭ್ಯಾಸ. ಹಾಗೆ ನೋಡಿದಾಗ ಕಂಡದ್ದು ಇದು.

ಫುಟ್‌ಬಾಲಿನಲ್ಲಿ ಕಿರಿಯ ಹುಡುಗರ ವಿಶ್ವ ಪಂದ್ಯಾವಳಿ 1977ರಲ್ಲಿ ಟ್ಯುನೀಷಿಯಾದಲ್ಲಿ ಆರಂಭವಾಯಿತು. ಅವರಿಗಿಂತ ಚಿಕ್ಕವರಿಗಾಗಿ 1985ರಲ್ಲಿ ಚೀನಾದಲ್ಲಿ ಇನ್ನೊಂದು ಪಂದ್ಯಾವಳಿ ಶುರುವಾಯಿತು. ಆಗ ಅದು 16ರೊಳಗಿನವರದು, ಮುಂದೆ 17ರೊಳಗಿನವರದಾಯಿತು. ಕಿರಿಯ ಹುಡುಗಿಯರಿಗೆ ಮೊದಲ ಅವಕಾಶ ಸಿಕ್ಕಿದ್ದು 2002ರಲ್ಲಿ, ಕೆನಡಾದಲ್ಲಿ. ಹದಿನೇಳರೊಳಗಿನ ಹುಡುಗಿಯರಂತೂ 2008ರ ನ್ಯೂಜಿಲೆಂಡ್ ಪಂದ್ಯಾವಳಿಯವರೆಗೆ ಕಾಯಬೇಕಾಯಿತು.

ಕ್ರಿಕೆಟಿನ ಕಥೆ ಇನ್ನೂ ವಿಚಿತ್ರ. ಜಗತ್ತಿನ ಮೊಟ್ಟಮೊದಲ ಕ್ರಿಕೆಟ್ ವಿಶ್ವಕಪ್ ಆಡಿದವರು ಗಂಡಸರಲ್ಲ, ಹೆಂಗಸರು. ಅದು ನಡೆದದ್ದು 1973ರಲ್ಲಿ, ಇಂಗ್ಲೆಂಡಿನಲ್ಲಿ. ಪುರುಷರ ವಿಶ್ವಕಪ್ ಬಂದದ್ದು ಎರಡು ವರ್ಷದ ನಂತರ. ಆದರೆ ಹತ್ತೊಂಬತ್ತು ವರ್ಷದೊಳಗಿನ ಹುಡುಗರಿಗೆ 1988ರಲ್ಲೇ ವಿಶ್ವ ಪಂದ್ಯಾವಳಿ ಸಿಕ್ಕರೆ, ಅದೇ ವಯಸ್ಸಿನ ಹುಡುಗಿಯರಿಗೆ ಸಿಕ್ಕಿದ್ದು 2023ರಲ್ಲಿ. ನಡುವಿನ ಅಂತರ ಮೂವತ್ತೈದು ವರ್ಷ!

ಹಿರಿಯರ ಪಂದ್ಯಾವಳಿ ಹುಟ್ಟುವುದು ಆಗಲೇ ಬೆಳೆದುನಿಂತ ಆಟಗಾರ್ತಿಯರು ಹಠ ಹಿಡಿದು ಕೇಳಿದಾಗ. ಹದಿನಾರರ ಹುಡುಗಿಗೆ ಹಾಗೆ ಕೇಳುವ ಶಕ್ತಿಯಿರುವುದಿಲ್ಲ. ಅವಳ ಪರವಾಗಿ ದೊಡ್ಡವರೇ ಕೇಳಬೇಕು, ದೊಡ್ಡವರೇ ಖರ್ಚು ಮಾಡಬೇಕು. ಮೇಲಿನ ಮಹಡಿ ಕಟ್ಟಿ ಮೆಟ್ಟಿಲು ಕಟ್ಟುವುದನ್ನೇ ಮರೆತಂತೆ ದಶಕಗಳ ಕಾಲ ಹೆಣ್ಣುಮಕ್ಕಳ ಕ್ರೀಡೆ ನಡೆಯಿತು.

ಮಂಜುಗಡ್ಡೆಯ ಮೇಲೂ ಅದೇ ಕಥೆ

ನಮಗೆ ಅಷ್ಟಾಗಿ ಪರಿಚಯವಿಲ್ಲದ ಐಸ್ ಹಾಕಿಯನ್ನೇ ತೆಗೆದುಕೊಳ್ಳಿ. ಮಂಜುಗಡ್ಡೆಯ ಅಂಗಳದಲ್ಲಿ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯುವ ಆಟವಿದು. ಗೋಲಿಯೂ ಸೇರಿ ಕಡೆಗೆ ಆರು ಮಂದಿ, ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಅವಧಿ. ಇದರಲ್ಲಿಯೂ ಕಿರಿಯ ಹುಡುಗರ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ 1977ರಿಂದ ಇದೆ. ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಆರಂಭವಾಯಿತು. ಹದಿನೆಂಟರೊಳಗಿನ ಹುಡುಗಿಯರದು ಮೊದಲ ಬಾರಿಗೆ ನಡೆದದ್ದು 2008ರ ಜನವರಿಯಲ್ಲಿ, ಕ್ಯಾಲ್ಗರಿಯಲ್ಲಿ. ಭಾಗವಹಿಸಿದ್ದು ಎಂಟು ದೇಶಗಳು. ಫೈನಲಿನಲ್ಲಿ ಅಮೆರಿಕ 5-2ರಿಂದ ಕೆನಡಾವನ್ನು ಸೋಲಿಸಿತು. ಅಂದರೆ ಫುಟ್‌ಬಾಲಿನ ಹುಡುಗಿಯರಿಗೂ ಐಸ್ ಹಾಕಿಯ ಹುಡುಗಿಯರಿಗೂ ಬಾಗಿಲು ತೆರೆದದ್ದು ಒಂದೇ ವರ್ಷ.

ನಮ್ಮ ದೇಶದಲ್ಲಿ ಈ ಆಟವನ್ನು ಕಾಪಾಡಿಕೊಂಡು ಬಂದವರು ಮುಖ್ಯವಾಗಿ ಲಡಾಖಿನವರು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಸಿಗುವ ಎರಡು ತಿಂಗಳೇ ಅಲ್ಲಿನ ಹುಡುಗಿಯರ ಅಭ್ಯಾಸದ ಕಾಲ. ಇಷ್ಟರಲ್ಲೇ ತಯಾರಾಗಿ ಭಾರತದ ಮಹಿಳಾ ತಂಡ 2016ರಲ್ಲಿ ತೈಪೆಯಲ್ಲಿ ಮೊದಲ ಅಂತಾರಾಷ್ಟ್ರೀಯ ಪಂದ್ಯಾವಳಿ ಆಡಿತು. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಿಂದ ಸೋಲಿಸಿ ಮೊದಲ ಜಯ ಕಂಡಿತು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಮೊದಲ ಪಂದ್ಯಾವಳಿಯಿಂದ ಮೊದಲ ಪದಕಕ್ಕೆ ಒಂಬತ್ತು ವರ್ಷ. ವರ್ಷಕ್ಕೆ ಎರಡು ತಿಂಗಳ ಲೆಕ್ಕದಲ್ಲಿ ಹೇಳುವುದಾದರೆ ಹದಿನೆಂಟು ತಿಂಗಳ ಮಂಜುಗಡ್ಡೆ!

ನಮ್ಮೂರಿಗೆ ಬಂದ ವಿಶ್ವಕಪ್

ಈಗ ನೆರೂಲಿಗೆ ಮರಳೋಣ. ಭಾರತ ಮೊದಲ ಬಾರಿಗೆ ಫಿಫಾ ಪಂದ್ಯಾವಳಿಯೊಂದರ ಆತಿಥ್ಯ ವಹಿಸಿದ್ದು 2017ರಲ್ಲಿ. ಅದು ಹದಿನೇಳರೊಳಗಿನ ಹುಡುಗರ ವಿಶ್ವಕಪ್. ದಿಲ್ಲಿ, ಕೋಲ್ಕತಾ, ಕೊಚ್ಚಿ, ಗೋವಾ, ಗುವಾಹಟಿಗಳ ಜೊತೆಗೆ ನವಿ ಮುಂಬಯಿಯೂ ಆತಿಥೇಯ ನಗರವಾಗಿತ್ತು. ಸ್ಪೇನ್ ಮತ್ತು ಮಾಲಿ ನಡುವಿನ ಸೆಮಿಫೈನಲ್ ನಡೆದದ್ದು ಇಲ್ಲೇ. ಇಡೀ ಪಂದ್ಯಾವಳಿಯನ್ನು ಮೈದಾನಕ್ಕೆ ಬಂದು ನೋಡಿದವರು 13 ಲಕ್ಷಕ್ಕೂ ಹೆಚ್ಚು. ಅದು ಆ ಪಂದ್ಯಾವಳಿಯ ಇತಿಹಾಸದಲ್ಲೇ ದಾಖಲೆ.

ಹುಡುಗಿಯರ ಸರದಿ 2020ರಲ್ಲಿ ಬರಬೇಕಿತ್ತು. ಕೊರೊನಾ ಅಡ್ಡಬಂತು. ಮೊದಲು 2021ಕ್ಕೆ ಮುಂದೂಡಿದರು, ಆಮೇಲೆ ರದ್ದೇ ಮಾಡಿದರು. ಬದಲಿಗೆ 2022ರ ಆತಿಥ್ಯವನ್ನು ಭಾರತಕ್ಕೇ ಕೊಟ್ಟರು. ಕಾಗದದ ಮೇಲೆ ಇದು ನ್ಯಾಯವೇ. ಆದರೆ 2020ಕ್ಕೆಂದು ಬೆವರು ಸುರಿಸಿ ತಯಾರಾಗಿದ್ದ ಹುಡುಗಿಯರಿಗೆ ಅಷ್ಟರಲ್ಲಿ ವಯಸ್ಸು ಮೀರಿತ್ತು. ಹಿರಿಯರ ಪಂದ್ಯಾವಳಿ ತಪ್ಪಿದರೆ ನಾಲ್ಕು ವರ್ಷದ ನಂತರ ಇನ್ನೊಮ್ಮೆ ಆಡಬಹುದು. ಹದಿನೇಳರೊಳಗಿನವರ ಪಂದ್ಯಾವಳಿ ತಪ್ಪಿದರೆ ತಪ್ಪಿತು, ಅಷ್ಟೇ.

2022ರಲ್ಲೂ ವಿಘ್ನ ತಪ್ಪಲಿಲ್ಲ. ಆಗಸ್ಟ್ ನಡುವಿನಲ್ಲಿ ಫಿಫಾ ನಮ್ಮ ರಾಷ್ಟ್ರೀಯ ಫುಟ್‌ಬಾಲ್ ಫೆಡರೇಷನ್ ಅನ್ನು ಅಮಾನತು ಮಾಡಿತು. ಆಗಸ್ಟ್ 26ರಂದು ಅಮಾನತು ತೆರವಾದಾಗ ಪಂದ್ಯಾವಳಿಗೆ ಎರಡು ತಿಂಗಳೂ ಉಳಿದಿರಲಿಲ್ಲ. ದೊಡ್ಡವರ ಜಗಳದಲ್ಲಿ ಮಕ್ಕಳ ಅಂಗಳ ಸ್ವಲ್ಪದರಲ್ಲಿ ಉಳಿಯಿತು.

ಅಕ್ಟೋಬರ್ 11ರಿಂದ 30ರವರೆಗೆ ಭುವನೇಶ್ವರ, ಗೋವಾ ಮತ್ತು ನವಿ ಮುಂಬಯಿಯಲ್ಲಿ 16 ತಂಡಗಳು 32 ಪಂದ್ಯ ಆಡಿದವು. ನೆರೂಲಿನ ಫೈನಲಿನಲ್ಲಿ ಕೊಲಂಬಿಯಾ ಸ್ಪೇನನ್ನು ಬಹುಹೊತ್ತು ತಡೆದು ನಿಲ್ಲಿಸಿತು. 82ನೇ ನಿಮಿಷದಲ್ಲಿ ಚೆಂಡು ಕೊಲಂಬಿಯಾ ಆಟಗಾರ್ತಿಗೇ ತಗುಲಿ ಅವರದೇ ಗೋಲಿನೊಳಗೆ ಹೋಯಿತು. ಆ ಒಂದು ಗೋಲಿನಿಂದ ಸ್ಪೇನ್ ಗೆದ್ದಿತು.

ಹದಿನಾರು ಗೋಲುಗಳ ನಂತರ

ಭಾರತದ ಹುಡುಗಿಯರು ಮೂರೂ ಪಂದ್ಯ ಸೋತರು. ಅಮೆರಿಕದೆದುರು 0-8, ಮೊರಾಕ್ಕೊದೆದುರು 0-3, ಬ್ರೆಜಿಲ್ ಎದುರು 0-5. ಹದಿನಾರು ಗೋಲು ಬಿಟ್ಟುಕೊಟ್ಟು ಒಂದನ್ನೂ ಹೊಡೆಯಲಿಲ್ಲ. ಮೈದಾನದ ಆಚೆಗಿನ ಒಂದು ಸಂಗತಿಯನ್ನೂ ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ತಂಡದ ನಾಯಕಿ ಅಸ್ತಮ್ ಓರಾಂವ್ ಜಾರ್ಖಂಡದ ಗುಮ್ಲಾ ಜಿಲ್ಲೆಯ ಹಳ್ಳಿಯವಳು. ಅವಳ ಗೌರವಾರ್ಥ ಆಡಳಿತ ಅವಳ ಮನೆಗೆ ರಸ್ತೆ ಮಾಡಿಸತೊಡಗಿದಾಗ, ಆ ರಸ್ತೆಯ ಕೆಲಸಕ್ಕೆ ಕೂಲಿಗೆ ಹೋದವರಲ್ಲಿ ಅವಳ ತಂದೆತಾಯಿಯೂ ಇದ್ದರೆಂದು ಆಗ ಪತ್ರಿಕೆಗಳು ಬರೆದವು.

ಆ ಸೋಲು ವ್ಯರ್ಥವಾಯಿತೇ? 2025ರಲ್ಲಿ ಭಾರತದ ಹಿರಿಯ ಮಹಿಳೆಯರು, 20ರೊಳಗಿನವರು, 17ರೊಳಗಿನವರು – ಮೂರೂ ತಂಡಗಳು ಅರ್ಹತಾ ಸುತ್ತಿನಲ್ಲಿ ಗೆದ್ದು 2026ರ ಏಷ್ಯಾ ಕಪ್‌ಗಳಿಗೆ ಆಯ್ಕೆಯಾದವು. ಆತಿಥೇಯರಿಗೆ ಸಿಗುವ ಸ್ಥಾನವಲ್ಲ ಅದು, ಆಡಿ ಗಳಿಸಿದ್ದು. 20ರೊಳಗಿನ ತಂಡದಲ್ಲಿ 2022ರ ಕೆಲವು ಹುಡುಗಿಯರೂ ಇದ್ದರು.

ಕ್ರಿಕೆಟಿನಲ್ಲಿ ಫಲ ಇನ್ನೂ ಬೇಗ ಬಂತು. ಹತ್ತೊಂಬತ್ತರೊಳಗಿನ ಹುಡುಗಿಯರ ಟಿ20 ವಿಶ್ವಕಪ್ಪನ್ನು 2023ರಲ್ಲಿ ಭಾರತ ಗೆದ್ದಾಗ ಶಫಾಲಿ ವರ್ಮಾ ನಾಯಕಿ. 2025ರಲ್ಲಿ ಕ್ವಾಲಾಲಂಪುರದಲ್ಲಿ ಮತ್ತೆ ಗೆದ್ದಾಗ ನಾಯಕಿ ನಮ್ಮ ಕರ್ನಾಟಕದ ನಿಕಿ ಪ್ರಸಾದ್. ಅದೇ ವರ್ಷ ಅಕ್ಟೋಬರ್ 30ರಂದು, ಆ ಫುಟ್‌ಬಾಲ್ ಫೈನಲಿಗೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಇದೇ ನೆರೂಲಿನಲ್ಲಿ ಜೆಮಿಮಾ ರೋಡ್ರಿಗಸ್ ಆಸ್ಟ್ರೇಲಿಯಾದ ವಿರುದ್ಧ ಅಜೇಯ 127 ರನ್ ಹೊಡೆದಳು. ಮಂಗಳೂರು ಮೂಲದ ಕುಟುಂಬದ, ಭಾಂಡುಪಿನ ಹುಡುಗಿ ಆಕೆ. ಹದಿನೇಳರ ಹರೆಯದಲ್ಲೇ ಮುಂಬಯಿಯ 19ರೊಳಗಿನ ತಂಡಕ್ಕೆ ದ್ವಿಶತಕ ಬಾರಿಸಿದ್ದವಳು. ನವೆಂಬರ್ 2ರಂದು ಅದೇ ಅಂಗಳದಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಮಹಿಳಾ ವಿಶ್ವಕಪ್ ಎತ್ತಿತು. ಅಂದು 87 ರನ್ ಹೊಡೆದ ಶಫಾಲಿ, ಎರಡು ವರ್ಷದ ಹಿಂದೆ ಕಿರಿಯರ ಕಪ್ ಎತ್ತಿದ್ದವಳೇ.

ನಮ್ಮ ಅಂಗಳದ ಮಾತು

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಸೊಸೈಟಿಗಳಲ್ಲಿ ಏಳನೆಯ ತರಗತಿಯವರೆಗೆ ಹುಡುಗ ಹುಡುಗಿಯರು ಒಟ್ಟಿಗೇ ಆಡುತ್ತಾರೆ. ಒಂಬತ್ತನೆಯ ತರಗತಿಗೆ ಬರುವಾಗ ಹುಡುಗಿಯರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಹತ್ತನೆಯ ಪರೀಕ್ಷೆ, ಕ್ಲಾಸು, ತಿಂಗಳ ತೊಂದರೆ, ಕತ್ತಲಾಗುವ ಭಯ, "ಇನ್ನು ಸಾಕು ಆಡಿದ್ದು" ಎನ್ನುವ ಅಜ್ಜಿಯ ಮಾತು – ಕಾರಣಗಳು ನಮಗೆಲ್ಲ ಗೊತ್ತು. ಹುಡುಗನಿಗೂ ಹತ್ತನೆಯ ಪರೀಕ್ಷೆ ಇರುತ್ತದೆ. ಆದರೆ ಅವನ ಬ್ಯಾಟು ಅಟ್ಟ ಸೇರುವುದಿಲ್ಲ. ಜಗತ್ತಿನ ಕ್ರೀಡಾ ಸಂಸ್ಥೆಗಳು ಮೂವತ್ತು ವರ್ಷ ತಡಮಾಡಿದ್ದು ಸರಿಯಾಗಿ ಈ ವಯಸ್ಸಿನಲ್ಲೇ. ನಮ್ಮ ಮನೆಗಳು ತಡಮಾಡುವುದೂ ಇಲ್ಲೇ.

ನಮ್ಮ ಸಂಘಗಳ ಕ್ರೀಡೋತ್ಸವದಲ್ಲಿ ಗಂಡಸರಿಗೆ ಕ್ರಿಕೆಟ್, ಹೆಂಗಸರಿಗೆ ಲಿಂಬೆ-ಚಮಚ ಮತ್ತು ಸಂಗೀತ ಕುರ್ಚಿ, ಪುಟ್ಟ ಮಕ್ಕಳಿಗೆ ಕಪ್ಪೆ ಓಟ ಇರುತ್ತದೆ. ಹದಿನಾಲ್ಕರಿಂದ ಹದಿನೇಳರ ಹುಡುಗಿಗೆ? ಬಹುಮಾನದ ತಟ್ಟೆ ಹಿಡಿದು ವೇದಿಕೆಯ ಪಕ್ಕ ನಿಲ್ಲುವ ಕೆಲಸ.

ನನ್ನದು ಒಂದೇ ಸೂಚನೆ. ಮುಂದಿನ ಕ್ರೀಡೋತ್ಸವಕ್ಕೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ – ನಾಲ್ಕೂ ಕಡೆಯಿಂದ ಹದಿನೇಳರೊಳಗಿನ ಹುಡುಗಿಯರ ಒಂದೊಂದು ತಂಡ ಕಟ್ಟೋಣ. ಆಟ ಥ್ರೋಬಾಲ್ ಆಗಲಿ, ಬಾಕ್ಸ್ ಕ್ರಿಕೆಟ್ ಆಗಲಿ, ಅದನ್ನು ಹುಡುಗಿಯರೇ ಆರಿಸಲಿ. ಬಾಡಿಗೆಯ ಟರ್ಫು ಈಗ ಎಲ್ಲ ಕಡೆ ಸಿಗುತ್ತದೆ, ಭಾನುವಾರ ಬೆಳಗ್ಗೆ ಎರಡು ಗಂಟೆ ಸಾಕು. ತರಬೇತಿಗೆ ಕರೆದೊಯ್ದು ಮನೆಗೆ ಬಿಡುವ ಸರದಿಯನ್ನು ತಾಯಂದಿರು ಹಂಚಿಕೊಳ್ಳಬಹುದು. ವಿಶ್ವಕಪ್ ತರಬೇಕೆಂದಲ್ಲ. ಹತ್ತನೆಯ ತರಗತಿ ಮುಗಿದ ಮೇಲೂ ಅವಳು ಆಡುತ್ತಿರಬೇಕು, ಅಷ್ಟೇ. ಈ ವರ್ಷ ಹದಿನಾರಾದ ಹುಡುಗಿಗೆ ಮುಂದಿನ ವರ್ಷ ಹದಿನೇಳು ತುಂಬುತ್ತದೆ. ಆದ್ದರಿಂದ ಹೆಸರು ಬರೆದುಕೊಳ್ಳುವ ಕೆಲಸ ಈ ತಿಂಗಳೇ ಆರಂಭವಾಗಲಿ.