ಎರಡಾಣೆ ಪಿಗ್ಮಿಯಿಂದ ಸೈಬರ್ ಸಂದರ್ಶನದವರೆಗೆ

ಗುಲ್ವಾಡಿ, ಕಂಡ್ಲೂರು, ಬಸ್ರೂರು ಕಡೆಯ ಮನೆಗಳಲ್ಲಿ ಮಕ್ಕಳ ಓದು ಮುಗಿಯಿತೆಂದರೆ ಹಿಂದೆಲ್ಲ ಬ್ಯಾಂಕ್ ಪರೀಕ್ಷೆಯ ಮಾತು ಬರುತ್ತಿತ್ತು. ಈಗ ಅದರ ಪಕ್ಕದಲ್ಲಿ ಸೈಬರ್ ಸೆಕ್ಯುರಿಟಿ ಎಂಜಿನಿಯರ್ ಕೆಲಸದ ಮಾತೂ ಬಂದು ಕೂತಿದೆ. ಸಂದರ್ಶನಕ್ಕೆ ಹೊರಟವರ ಮೊಬೈಲಿನಲ್ಲಿ ‘ನೂರು ಪ್ರಶ್ನೆ, ನೂರು ಉತ್ತರ’ದ ಪಿಡಿಎಫ್ ಇದ್ದೇ ಇರುತ್ತದೆ. ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡುತ್ತಾರೆ. ಎದುರು ಕೂತವರು ‘ಯಾಕೆ?’ ಎಂದು ಒಂದೇ ಒಂದು ಮಾತು ಕೇಳಿದರೆ ಆ ಬಾಯಿಪಾಠ ಅಲ್ಲಿಗೇ ನಿಲ್ಲುತ್ತದೆ.

ಆ ‘ಯಾಕೆ’ಗೆ ಉತ್ತರ ಚರಿತ್ರೆಯಲ್ಲಿದೆ ಎನ್ನುವುದು ನಮ್ಮ ಅನಿಸಿಕೆ. ಈ ಸಂದರ್ಶನದಲ್ಲಿ ಕೇಳುವ ಬಹುಪಾಲು ಪ್ರಶ್ನೆಗಳ ಹಿಂದೆ ಯಾರೋ ಮೋಸಹೋದ, ಯಾವುದೋ ಯಂತ್ರ ಕೆಟ್ಟು ನಿಂತ ಕಥೆ ಇದೆ. ಅದರಲ್ಲಿ ಕೆಲವು ಕಥೆಗಳು ನಮ್ಮ ಕರಾವಳಿಗೆ ಹೊಸವೂ ಅಲ್ಲ.

ಮೊದಲು ಊರಿನ ಹೆಸರಿನಿಂದಲೇ ಶುರುಮಾಡೋಣ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂತು. ಬರೆದವರು ಗುಲ್ವಾಡಿ ವೆಂಕಟರಾಯರು. ಅವರು ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ಸಂತರ ವೇಷದಲ್ಲಿ ಮನೆಯೊಳಗೆ ಬಂದು, ಮನೆಯವರ ಭಕ್ತಿಯನ್ನೇ ಹಿಡಿದುಕೊಂಡು ಎಳೆಯ ವಿಧವೆಯನ್ನು ಬಲೆಗೆ ಕೆಡವಲು ನೋಡುವವರ ಬಣ್ಣ ಬಯಲು ಮಾಡುವುದು ಆ ಕಾದಂಬರಿಯ ದೊಡ್ಡ ಕೆಲಸ. ಅಲ್ಲಿ ಯಾರೂ ಬೀಗ ಮುರಿದು ಬರುವುದಿಲ್ಲ, ಬಾಗಿಲನ್ನು ಮನೆಯವರೇ ತೆರೆಯುತ್ತಾರೆ. ಸಂದರ್ಶನದಲ್ಲಿ ‘ಸೋಶಿಯಲ್ ಎಂಜಿನಿಯರಿಂಗ್ ಎಂದರೇನು?’ ಎಂದು ಕೇಳಿದರೆ ಹೇಳಬೇಕಾದದ್ದು ಇದನ್ನೇ. ಇಂದು ವೇಷ ಪೊಲೀಸ್ ಅಧಿಕಾರಿಯದ್ದೋ ಬ್ಯಾಂಕ್ ಮ್ಯಾನೇಜರನದ್ದೋ ಆಗಿರುತ್ತದೆ, ಬಾಗಿಲು ಓಟಿಪಿ ಆಗಿರುತ್ತದೆ. ಕಂಪ್ಯೂಟರ್ ಬಳಸಿ ಇನ್ನೊಬ್ಬರ ಸೋಗು ಹಾಕಿ ವಂಚಿಸುವುದನ್ನು ನಮ್ಮ ಐಟಿ ಕಾಯ್ದೆಯ 66ಡಿ ಕಲಮು ಅಪರಾಧ ಎನ್ನುತ್ತದೆ. ಮೂಲ ಕಾಯ್ದೆ 2000ದ್ದು, ಈ ಕಲಮು 2008ರ ತಿದ್ದುಪಡಿಯಲ್ಲಿ ಸೇರಿತು.

ಎರಡನೇ ಕಥೆ ಉಡುಪಿಯದ್ದು. 1925ರಲ್ಲಿ ಅಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಮನೆಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಕಟ್ಟುವವರಿಗೆ ಇದ್ದ ಚಿಂತೆ ಮೂರೇ: ನನ್ನ ಉಳಿತಾಯ ಪಕ್ಕದ ಮನೆಯವರಿಗೆ ತಿಳಿಯಬಾರದು, ಬರೆದ ಲೆಕ್ಕ ಆಮೇಲೆ ಬದಲಾಗಬಾರದು, ಬೇಕಾದ ದಿನ ಹಣ ಸಿಗಬೇಕು. ಸೈಬರ್ ಸೆಕ್ಯುರಿಟಿ ಪಠ್ಯದ ಮೊದಲ ಪುಟದಲ್ಲಿ ಬರುವ ‘ಸಿಐಎ’ ಎಂಬ ಮೂರಕ್ಷರ ಹೇಳುವುದೂ ಇವೇ ಮೂರನ್ನು. ಗುಟ್ಟು ಕಾಯುವುದು, ಲೆಕ್ಕ ಕೆಡದಂತೆ ನೋಡುವುದು, ಬೇಕಾದಾಗ ಒದಗುವುದು. ಅಜ್ಜಿಯ ಪಿಗ್ಮಿ ಪುಸ್ತಕ ನೋಡಿ ಬೆಳೆದವರು ಇದನ್ನು ಉರು ಹೊಡೆಯಬೇಕಾಗಿಲ್ಲ.

ಇನ್ನು ಹೊರಗಿನ ಕಥೆ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಒಂದು ಪ್ರೋಗ್ರಾಂ ಬಿಟ್ಟ. ಅದು ತಾನೇ ನಕಲಾಗುತ್ತ ಯಂತ್ರದಿಂದ ಯಂತ್ರಕ್ಕೆ ಹರಡಿತು. ಅಂದಿನ ಅಂದಾಜಿನಂತೆ ಅಂತರ್ಜಾಲದಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000 ಸೋಂಕಿಗೆ ಸಿಕ್ಕಿದವು. ಅದು ನುಗ್ಗಿದ ದಾರಿಗಳಲ್ಲಿ ಒಂದು ‘ಬಫರ್ ಓವರ್‌ಫ್ಲೋ’, ಅಂದರೆ ಸೇರು ಹಿಡಿಯುವ ಪಾತ್ರೆಗೆ ಕೊಳಗ ಸುರಿದು ಚೆಲ್ಲಿದ್ದು ಅಡುಗೆಮನೆಯನ್ನೇ ಆಳುವಂತೆ ಮಾಡುವುದು. ಇನ್ನೊಂದು, ಜನ ಇಟ್ಟುಕೊಂಡಿದ್ದ ಸುಲಭದ ಪಾಸ್‌ವರ್ಡ್. ಅದರ ಹೊಟ್ಟೆಯಲ್ಲಿ 432 ಪದಗಳ ಪಟ್ಟಿಯಿತ್ತು, ಒಂದೊಂದಾಗಿ ಹಾಕಿ ನೋಡುತ್ತಿತ್ತು. ಇಂಥ ಆಪತ್ತಿಗೆ ಓಡಿಬರುವ ‘ಸರ್ಟ್’ ತಂಡ ಕಾರ್ನೆಗಿ ಮೆಲನ್‌ನಲ್ಲಿ ಹುಟ್ಟಿದ್ದು ಇದೇ ಘಟನೆಯ ಬೆನ್ನಿಗೆ. ಭಾರತದ ‘ಸರ್ಟ್-ಇನ್’ 2004ರಲ್ಲಿ ಬಂತು. ಕಂಪನಿಗಳು ಸೈಬರ್ ದಾಳಿಯನ್ನು ಗಮನಿಸಿದ 6 ಗಂಟೆಯೊಳಗೆ ಇದಕ್ಕೆ ತಿಳಿಸಬೇಕೆಂಬ ನಿರ್ದೇಶನ 2022ರದ್ದು. ಸಂದರ್ಶನದಲ್ಲಿ ಈಗ ಇದನ್ನೂ ಕೇಳಬಹುದು.

ನಾಲ್ಕನೆಯದು ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನದ್ದು. 2018ರ ಆಗಸ್ಟ್‌ನಲ್ಲಿ ಎರಡು ದಿನಗಳಲ್ಲಿ ಸುಮಾರು 94 ಕೋಟಿ ರೂಪಾಯಿ ಹೋಯಿತು. 28 ದೇಶಗಳ ಎಟಿಎಂಗಳಿಂದ ಹಣ ತೆಗೆದರು. ‘ಈ ಖಾತೆಯಲ್ಲಿ ಹಣವಿದೆಯೇ?’ ಎಂದು ಎಟಿಎಂ ಕೇಳಿದಾಗ ‘ಇದೆ, ಕೊಡು’ ಎಂದದ್ದು ಬ್ಯಾಂಕಿನ ನಿಜವಾದ ಲೆಕ್ಕದ ವ್ಯವಸ್ಥೆಯಲ್ಲ, ಕಳ್ಳರು ನಡುವೆ ನಿಲ್ಲಿಸಿದ ನಕಲಿ ಸ್ವಿಚ್. ಏಜೆಂಟರ ಪುಸ್ತಕವನ್ನು ಬ್ಯಾಂಕಿನ ಲೆಡ್ಜರಿಗೆ ತಾಳೆ ನೋಡುವ ಹಳೆಯ ಶಿಸ್ತು ಕ್ಷಣಕ್ಷಣವೂ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಾಗಾಗಿ ತಯಾರಿಗೆ ನಮ್ಮದೊಂದು ಸಲಹೆ. ನೂರು ಉತ್ತರದ ಬದಲು ಹತ್ತು ಘಟನೆಗಳನ್ನು ಹಿಡಿಯಿರಿ. ಪ್ರತಿಯೊಂದಕ್ಕೂ ಮೂರು ಸಾಲು ಬರೆಯಿರಿ: ಏನಾಯಿತು, ಯಾಕಾಯಿತು, ಏನಿದ್ದಿದ್ದರೆ ತಪ್ಪುತ್ತಿತ್ತು. ಮೊದಲು ಕನ್ನಡದಲ್ಲಿ, ಮನೆಯಲ್ಲಿ ಅಮ್ಮನಿಗೋ ಅಣ್ಣನಿಗೋ ಹೇಳಿ ನೋಡಿ. ಅವರು ‘ಹೌದಾ, ಎಂತಕ್ಕೆ ಹಾಂಗಾಯ್ತ್?’ ಎಂದು ತಿರುಗಿ ಕೇಳಿದರೆ ನಿಮಗೆ ವಿಷಯ ಅರ್ಥವಾಗಿದೆ ಎಂದೇ ಲೆಕ್ಕ. ಆಮೇಲೆ ಅದನ್ನೇ ಸರಳ ಇಂಗ್ಲಿಷಿಗೆ ತನ್ನಿ. ಕನ್ನಡ ಮಾಧ್ಯಮದವರು ಎಡವುವುದು ಹೆಚ್ಚಾಗಿ ಭಾಷೆಯಲ್ಲಲ್ಲ, ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಹೇಳಹೊರಟಾಗ.

ಕೊನೆಯದಾಗಿ, ಸಂದರ್ಶನವನ್ನೇ ಒಮ್ಮೆ ಪರೀಕ್ಷಿಸಿ. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ನಂಬಿ ಹೋದವರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ವಂಚನೆ ಕೇಂದ್ರಗಳಲ್ಲಿ ಕೂರಿಸಿ, ಫೋನಿನಲ್ಲಿ ಜನರಿಗೆ ಮೋಸ ಮಾಡಿಸಿದ್ದಾರೆ. 2025ರ ಮಾರ್ಚ್‌ನಲ್ಲಿ ಅಲ್ಲಿಂದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ಕಾವಲಿನ ಕೆಲಸ ಹುಡುಕಿಕೊಂಡು ಹೊರಟವರನ್ನು ಕಳ್ಳರ ಕೈಯಾಳು ಮಾಡುವ ದಾರಿಯೂ ಒಂದು ಸಂದರ್ಶನದ ಕರೆಯಿಂದಲೇ ಶುರುವಾಗಬಹುದು. ವಿದೇಶದ ಕೆಲಸವಾದರೆ ಏಜೆಂಟರ ನೋಂದಣಿ ಸರಕಾರದ ಇ-ಮೈಗ್ರೇಟ್ ತಾಣದಲ್ಲಿದೆಯೇ ನೋಡಿ. ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.